ಗಾಳಿ ಬರುವ ಮೂಲೆ

ಯಾರಾದರೂ ದೂರು ತಂದರೆ ನಮ್ಮ ರೈಟರ್ ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕನ್ನಡಕ ಇಲ್ಲದಿದ್ದರೆ ಎದುರು ನಿಂತವರ ಮುಖ ಅವರಿಗೆ ಮಸಿ ಒರೆಸಿದ ಹಾಗೆ ಕಾಣುತ್ತಿತ್ತು. ಇದೇನು ಅಭ್ಯಾಸ ಅಂತ ಒಮ್ಮೆ ಕೇಳಿದ್ದೆ.

"ಮುಖ ಕಂಡ್ರೆ ಯಾರು ಮೊದ್ಲು ಅಳ್ತಾರೋ ಅವ್ರ ಕಡೀಕೆ ವಾಲ್ಬುಡ್ತೀನಿ ಕಣ್ರೀ. ಕಾಣ್ದೆ ಇದ್ರೆ ಬರೀ ಮಾತು ಕೇಳಿಸ್ತದೆ. ಮಾತ್ಗೆ ಕಣ್ಣೀರು ಇರಲ್ಲ" ಅಂದರು.

ಅವರು ಹೋದ ತಿಂಗಳು ತೀರಿಕೊಂಡರು. ಹಾಲ್ಕುರಿಕೆಯಲ್ಲಿ ಅವರದೇ ಹೊಲದ ಬದಿಯಲ್ಲಿ ಮಣ್ಣು ಮಾಡಿ ಬಂದೆವು. ಬಂದ ಮಾರನೇ ದಿನವೇ ನಮ್ಮ ಕೊಬ್ಬರಿ ಮಂಡಿಯ ಶೆಡ್ಡಿನಲ್ಲಿ ಇಬ್ಬರು ಚೀಲ ಹೊಲಿಯುವ ಸೂಜಿಗೆ ಕಿತ್ತಾಡಿಕೊಂಡು ನನ್ನ ಮುಂದೆ ಬಂದು ನಿಂತರು. ಅವರ ಮಾತು ಕೇಳುತ್ತಾ ನನಗೆ ಬಂದಷ್ಟು ಆಯಾಸ, ಸೈಕಲ್ಲಿನ ಹಿಂದೆ ಕೊಬ್ಬರಿ ಚೀಲ ಕಟ್ಟಿಕೊಂಡು ಬಿಳಿಗೆರೆಯಿಂದ ತಿಪಟೂರಿಗೆ ತುಳಿಯುತ್ತಿದ್ದ ಕಾಲದಲ್ಲೂ ಬಂದಿರಲಿಲ್ಲ. ಈ ಕೆಲಸವನ್ನು ಆ ಮನುಷ್ಯ ಅಷ್ಟು ವರ್ಷ ಹೇಗೆ ಮಾಡಿದರೋ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಹಾಕುವುದಿಲ್ಲ. ಮಂಡಿಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆದವರಲ್ಲ. ಹಮಾಲಿಯಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರಿಗೂ ಅವರು ರೈಟ್ರು.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರ ವಿಷಯ ತಿಳಿಯುವುದಿಲ್ಲ. ನಾನು ವ್ಯಾಪಾರ ಮಾಡಿ ಮೇಲೆ ಬಂದವನು. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ರೇಟು ಮುರಿಯುತ್ತಿದ್ದ ಕಾಲದಲ್ಲಿ ಕಲಿತವನು. ಈಗ ಟೆಂಡರೆಲ್ಲ ಮೊಬೈಲಿನಲ್ಲಿ ನಡೆಯುತ್ತದೆ, ಆದರೂ ಯಾರಾದರೂ ಹತ್ತಿರ ಬಂದು ಮಾತಾಡಿದರೆ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಇಂಥವನಿಗೆ ಜಗಳ ಅಂದರೆ ಸುಲಭದ ವಿಷಯ. ಇಬ್ಬರು ಹೊಂದುವುದಿಲ್ಲವೋ, ಒಬ್ಬನನ್ನು ಕಳಿಸು. ಯಾರನ್ನು ಅಂತ ಕೇಳಿದರೆ, ಯಾರ ಜಾಗಕ್ಕೆ ಬೇಗ ಇನ್ನೊಬ್ಬ ಸಿಗುತ್ತಾನೋ ಅವನನ್ನು. ನನ್ನ ಲೆಕ್ಕ ಇಷ್ಟೇ ಇತ್ತು. ತಪ್ಪು ಅಂತ ಈಗಲೂ ಹೇಳುವುದಿಲ್ಲ. ಆದರೆ ರೈಟ್ರು ಬಂದ ಮೇಲೆ ಆ ಲೆಕ್ಕ ಹಾಕುವ ಸಂದರ್ಭವೇ ಕಡಿಮೆಯಾಯಿತು.

ಅವರು ನನ್ನಲ್ಲಿಗೆ ಬಂದದ್ದೇ ಒಂದು ಜಗಳದ ದೆಸೆಯಿಂದ. ಮೊದಲು ಯಾವುದೋ ಸೊಸೈಟಿಯಲ್ಲಿ ಬರೆಯುತ್ತಿದ್ದರು. ಅಲ್ಲಿ ಇಬ್ಬರು ಡೈರೆಕ್ಟರುಗಳಿಗೆ ಆಗಲಿಲ್ಲ. ಒಬ್ಬರು ಹೇಳಿದ್ದನ್ನು ಬರೆದರೆ ಇನ್ನೊಬ್ಬರಿಗೆ ಸಿಟ್ಟು, ಬರೆಯದಿದ್ದರೆ ಇವರಿಗೆ ಸಿಟ್ಟು. ಕೊನೆಗೆ ಆ ಇಬ್ಬರೂ ರಾಜಿಯಾದರು, ಮಧ್ಯದಲ್ಲಿದ್ದ ಇವರ ಕೆಲಸ ಹೋಯಿತು. "ಅವ್ರಿಬ್ರೂ ಈಗ್ಲೂ ಒಂದೇ ಹೋಟ್ಲಲ್ಲಿ ದೋಸೆ ತಿಂತಾರೆ ಕಣ್ರೀ" ಅಂತ ನಗದೆ ಹೇಳುತ್ತಿದ್ದರು. ಜಗಳ ಬಿಡಿಸುವುದು ಅವರಿಗೆ ಇಷ್ಟದ ಕೆಲಸವಾಗಿತ್ತು ಅಂತ ಯಾರೂ ತಿಳಿಯಬೇಡಿ. ಜಗಳ ಕಂಡರೆ ಅವರಿಗೆ ಹೊಟ್ಟೆ ಹಿಂಡುತ್ತಿತ್ತು. ಜೋರು ಧ್ವನಿ ಕೇಳಿದ ಕೂಡಲೇ ಒಂದು ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು, ಇನ್ನೊಂದು ಕನ್ನಡಕಕ್ಕೆ.

ಅವರ ರೀತಿ ಬಹಳ ಸಪ್ಪೆ. ಬೈಯುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಯಾರದು ಸರಿ ಯಾರದು ತಪ್ಪು ಅಂತ ತೀರ್ಪನ್ನಂತೂ ಕೊಡುತ್ತಲೇ ಇರಲಿಲ್ಲ. ಬಂದವರನ್ನು ಒಬ್ಬೊಬ್ಬರಾಗಿ ಕೂರಿಸಿ ಪೂರ್ತಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ, "ಇನ್ನೊಂದ್ಸಲ ಹೇಳು" ಅನ್ನುತ್ತಿದ್ದರು. ಹೇಳಿದ ಮೇಲೆ ಮತ್ತೆ, "ಇನ್ನೊಂದ್ಸಲ." ಮೊದಲ ಸಲ ಕೈ ಬೀಸಿ, ತೊಡೆ ತಟ್ಟಿ ಹೇಳಿದವನು ಆಮೇಲೆ ಕೈ ಕಟ್ಟಿಕೊಂಡು ಹೇಳುತ್ತಿದ್ದ. ಆಮೇಲಾಮೇಲೆ ಅವನಿಗೇ ಬೇಜಾರು ಬಂದು, ಆಣೆ ಪ್ರಮಾಣ ಬಿಟ್ಟು, ಹಿಂದಿನ ವರ್ಷದ್ದು ಬಿಟ್ಟು, ಅವರಿವರು ಹೇಳಿದ್ದು ಬಿಟ್ಟು, ಒಂದೇ ಒಂದು ಮಾತು ಉಳಿಯುತ್ತಿತ್ತು. ಆಗ ರೈಟ್ರು ಕನ್ನಡಕ ಹಾಕಿಕೊಳ್ಳುತ್ತಿದ್ದರು.

"ಮಟ್ಟೆ ಸುಲ್ದು, ಚಿಪ್ಪು ಒಡೆದ್ರೆ ತಾನೆ ಕೊಬ್ಬರಿ ಉಂಡೆ ಸಿಕ್ಕೋದು. ಮಟ್ಟೆ ನೋಡ್ಕೊಂಡೇ ರೇಟು ಕಟ್ಟಿದ್ರೆ ನೀವು ಉದ್ಧಾರ ಆಗ್ತಿದ್ರಾ?" ಅಂತ ನನ್ನನ್ನೇ ಕೇಳಿದ್ದರು.

ನಮ್ಮ ಹಮಾಲಿ ಸಣ್ಣಪ್ಪ ಮತ್ತು ನಾಗರಾಜನ ಪ್ರಕರಣ ನೋಡಿ. ಇಬ್ಬರೂ ಒಂದೇ ಚೀಲಕ್ಕೆ ಎರಡು ಕಡೆಯಿಂದ ಕೈ ಹಾಕುವವರು. ಒಂದು ದಿನ ಲಾರಿಯ ಮುಂದೆ ಅಂಗಿ ಹಿಡಿದುಕೊಂಡರು. ಲಾರಿಯ ಮೇಲೆ ನಿಂತು ಚೀಲ ಜೋಡಿಸುವ ಹಗುರದ ಕೆಲಸ ಯಾವಾಗಲೂ ನಾಗರಾಜನಿಗೇ ಹೋಗುತ್ತದೆ ಅನ್ನುವುದು ಸಣ್ಣಪ್ಪನ ದೂರು. ನಾನಾಗಿದ್ದರೆ ಪಾಳಿ ಹಾಕಿ ಮುಗಿಸುತ್ತಿದ್ದೆ. ರೈಟ್ರು ಅವನಿಂದ ಹೇಳಿಸಿದರು, ಹೇಳಿಸಿದರು. ಲಾರಿ ಹೋಯಿತು, ಪಾಳಿ ಹೋಯಿತು, ಕೊನೆಗೆ ಸಣ್ಣಪ್ಪ ಸಣ್ಣ ಧ್ವನಿಯಲ್ಲಿ, "ನಮ್ಮ ಅಳಿಯನ ಮುಂದೆ ನನ್ನ ಕುಂಟೆತ್ತು ಅಂದ ರೈಟ್ರೇ" ಅಂದ. ಅಳಿಯ ಹೊಸಬ, ಚಿಕ್ಕನಾಯಕನಹಳ್ಳಿ ಕಡೆಯವನು, ಮಾವನಿಗೆ ಬುತ್ತಿ ತಂದುಕೊಟ್ಟು ಹೋಗಲು ಬಂದಿದ್ದನಂತೆ.

ರೈಟ್ರು ನಾಗರಾಜನನ್ನು ಕರೆದರು. "ನೋಡ್ಲಾ, ಕ್ಷಮೆ ಗಿಮೆ ಕೇಳೋದು ಬ್ಯಾಡ. ಅವ್ನ ಅಳಿಯ ಈ ಗೇಟಿನ ಒಳಗಿರೋವರ್ಗೂ ಸಣ್ಣಪ್ಪಂಗೆ 'ರೀ' ಅನ್ನು. ಅಳಿಯ ಆಚೆ ಹೋದ್ಮೇಲೆ ನೀನುಂಟು ಅವ್ನುಂಟು."

ಮುಂದಿನ ಸಲ ಅಳಿಯ ಬುತ್ತಿ ತಂದಾಗ ನಾಗರಾಜ ಶೆಡ್ಡೆಲ್ಲ ಕೇಳುವ ಹಾಗೆ, "ಸಣ್ಣಪ್ಪನೋರೇ, ಸ್ವಲ್ಪ ಇತ್ಲಾಗೆ ದಯಮಾಡ್ಸಿ, ಚೀಲಕ್ಕೆ ಕೈ ಕೊಡ್ರೀ" ಅಂದ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಸಣ್ಣಪ್ಪ ಮಾತ್ರ ನಗಲಿಲ್ಲ. ಗತ್ತಿನಿಂದ ಹೋಗಿ, "ನಿಧಾನಕ್ಕೆ ಕಣಪ್ಪ" ಅಂತ ಕೈ ಕೊಟ್ಟ. ಅಳಿಯ ಹೋದ ಕೂಡಲೇ, "ಏನ್ಲಾ ಕುಂಟೆತ್ತು, ಆಯ್ತೇನ್ಲಾ ಮರ್ಯಾದೆ?" ಅಂತ ಇವನು, "ಮುಚ್ಕೊಂಡು ಎತ್ಲಾ" ಅಂತ ಅವನು. ಈಗಲೂ ಹಾಗೇ ನಡೆಯುತ್ತಿದೆ. ಅಳಿಯನಿಗೆ ಎರಡು ಮಕ್ಕಳಾಗಿವೆ.

ನಾಲ್ಕು ಜನರಿಂದ ಕೆಲಸ ತೆಗೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ, ಪುಕ್ಕಟೆ. ಕೆಲಸಗಾರರಿಂದ ಒಬ್ಬರಿಗೊಬ್ಬರು ಕ್ಷಮೆ ಕೇಳಿಸಲು ಹೋಗಬೇಡಿ. ರೈಟ್ರು ಒಮ್ಮೆಯೂ ಕೇಳಿಸಲಿಲ್ಲ. ಎಲ್ಲರೆದುರು ಕ್ಷಮೆ ಕೇಳಿದವನು ಅದನ್ನು ಮರೆಯುವುದಿಲ್ಲ, ಕೇಳಿಸಿಕೊಂಡವನು ಮರೆಯಲು ಬಿಡುವುದಿಲ್ಲ. ಕೈ ಕುಲುಕಿಸಬೇಡಿ, ಸ್ವೀಟ್ ಹಂಚಿಸಬೇಡಿ. "ರಾಜಿ ಆಗ್ಲಿ ಅಂತ ಯಾರು ಕಾಯ್ತಾ ಕೂತವ್ರೆ? ಕೆಲ್ಸ ಆಗ್ಲಿ ಸಾಕು" ಅನ್ನುವುದು ಅವರ ಮಾತು.

ಎಲ್ಲವೂ ಬಗೆಹರಿಯುತ್ತಿತ್ತು ಅಂದರೆ ಸುಳ್ಳಾಗುತ್ತದೆ. ನಮ್ಮ ಡ್ರೈವರಿಗೂ ವಾಚ್‌ಮನ್ನಿಗೂ ಏನು ಮಾಡಿದರೂ ಆಗಲಿಲ್ಲ. ಎಷ್ಟು ಸಲ ಹೇಳಿಸಿದರೂ ದೂರು ಸಣ್ಣದಾಗಲಿಲ್ಲ, ದಪ್ಪವೇ ಆಯಿತು. ರೈಟ್ರು ಕೈಬಿಟ್ಟು, ಹಿಂದಿನ ಗೋಡೆ ಒಡೆಸಿ ಇನ್ನೊಂದು ಗೇಟು ಇಡಿಸಿದರು. ಗಾಡಿ ಅಲ್ಲಿಂದ ಬರುತ್ತದೆ, ವಾಚ್‌ಮನ್ ಇಲ್ಲಿ ಕೂರುತ್ತಾನೆ. ಆ ಗೇಟು ಯಾಕೆ ಅಂತ ಕೇಳುವವರಿಗೆ ವಾಸ್ತು ಅಂತ ಹೇಳುತ್ತೇನೆ.

ಹೀಗೆ ಎಲ್ಲರ ಮಾತು ಕೇಳಿ ಕೇಳಿ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು? ಅವರ ಹೆಂಡತಿ ಒಮ್ಮೆ ನಮ್ಮ ಮನೆಯವಳ ಹತ್ತಿರ ಹೇಳಿಕೊಂಡರಂತೆ. "ಮನೇಗ್ ಬಂದ್ರೆ ಗೋಡೆ ಕಡೀಕೆ ಮುಖ ಮಾಡ್ಕೊಂಡು ಕೂತ್ಬುಡ್ತಾರೆ ಕಣಕ್ಕ. ಸಾರ್ಗೆ ಉಪ್ಪು ಸಾಕಾ ಬೇಕಾ ಅಂತ ಕೇಳಿದ್ರೂ ಉತ್ರ ಇಲ್ಲ. ಮಂಡೀಲಿ ಊರೋರ ಮಾತೆಲ್ಲ ಕೇಳ್ತಾರಂತಲ್ಲ, ನಂದೊಂದು ಮಾತು ಕೇಳಕ್ಕೆ ಕಿವಿ ಉಳ್ಸಿರಲ್ಲ." ಇದನ್ನು ನಾನು ರೈಟ್ರಿಗೆ ಹೇಳಿ, ಒಂದು ವಾರ ರಜ ಹಾಕಿ ಎಲ್ಲಾದರೂ ಹೋಗಿ ಬನ್ನಿ ಅಂದೆ. ಅವರು ಹೋದರು. ಬಸ್ಸಿನಲ್ಲಿ ಕಂಡಕ್ಟರಿಗೂ ಒಬ್ಬ ಪ್ಯಾಸೆಂಜರಿಗೂ ಚಿಲ್ಲರೆಗೆ ಗಲಾಟೆಯಾಯಿತಂತೆ. ನಡುದಾರಿಯಲ್ಲೇ ಇಳಿದು, ಎದುರಿಗೆ ಬಂದ ಬಸ್ಸು ಹತ್ತಿ ವಾಪಸ್ ಬಂದರು. "ಕೈ ಕನ್ನಡಕಕ್ಕೆ ಹೋಯ್ತು ಕಣ್ರೀ. ಇದ್ಯಾಕೋ ಸರಿಯಿಲ್ಲ ಅನ್ನಿಸ್ತು" ಅಂದರು.

ಈಗ ಮಹಾಲಿಂಗ ಮತ್ತು ಪುಟ್ಟತಾಯಮ್ಮನ ವಿಷಯಕ್ಕೆ ಬರುತ್ತೇನೆ. ಹೇಳಬೇಕಾದದ್ದು ಇದೇ.

ನಮ್ಮಲ್ಲಿ ತೋಟದವರಿಂದ ಕಾಯಿಯನ್ನೇ ಕೊಂಡು ಕೊಬ್ಬರಿ ಮಾಡಿಸುತ್ತೇವೆ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಒಳಗೇ ಗಡಗಡ ಅನ್ನುತ್ತದೆ. ಆಗ ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಬಿಡದ ಕಾಯಿ ಒಡೆದರೆ ಹಸಿ ಉಂಡೆ. ಅಂಥದ್ದು ಚೀಲದೊಳಗೆ ಸೇರಿಕೊಂಡರೆ ಬೂಷ್ಟು ಹಿಡಿಯುತ್ತದೆ, ಪಕ್ಕದ್ದಕ್ಕೂ ಹಿಡಿಸುತ್ತದೆ. ಪೂರ್ತಿ ಬಿಟ್ಟ ಕಾಯಿ ಕೈಗೂ ತಿಳಿಯುತ್ತದೆ. ಅರೆಬರೆ ಬಿಟ್ಟದ್ದು ಮಾತ್ರ ಕಿವಿಗೇ ತಿಳಿಯಬೇಕು.

ಕಂದಿಕೆರೆಯ ಮಹಾಲಿಂಗ ನಮ್ಮಲ್ಲಿ ಒಡೆಯುವವನು. ಮೊದಲಿನಿಂದ ಇದ್ದವನು. ಕಾಯಿ ಅಲ್ಲಾಡಿಸಿ, ಕತ್ತಿಯಲ್ಲಿ ಚಿಪ್ಪು ಬಿಡಿಸಿ, ಉಂಡೆಯನ್ನು ಎದುರಿಗೆ ಕೂತ ಪುಟ್ಟತಾಯಮ್ಮನ ಕಡೆ ಉರುಳಿಸುತ್ತಿದ್ದ. ಆಕೆ ನೋಡಿ, ಆರಿಸಿ, ದಪ್ಪದ್ದು ಸಣ್ಣದ್ದು ಬೇರೆ ಮಾಡುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡಿದವರಲ್ಲ. ಅವನು ಉರುಳಿಸುವುದು, ಆಕೆ ಹಿಡಿಯುವುದು, ಅಷ್ಟರಲ್ಲೇ ವರ್ಷಗಳು ಕಳೆದಿದ್ದವು.

ಒಂದು ಸಲ ದೂರದ ಖರೀದಿದಾರರೊಬ್ಬರು ಫೋನು ಮಾಡಿ ಬೈದರು. ನಮ್ಮ ಮಾಲಿನಲ್ಲಿ ಬೂಷ್ಟು ಬಂದಿದೆ, ಇನ್ನೊಮ್ಮೆ ಹೀಗಾದರೆ ಬೇರೆ ಮಂಡಿ ನೋಡಿಕೊಳ್ಳುತ್ತೇವೆ ಅಂದರು. ನಾನು ಶೆಡ್ಡಿಗೆ ಬಂದು ಕೂಗಾಡಿದೆ. ಮಹಾಲಿಂಗ ತಟ್ಟನೆ, "ಒಡ್ಯೋದು ನನ್ನ ಕೆಲ್ಸ, ನೋಡೋದು ಅವ್ಳ ಕೆಲ್ಸ. ನೋಡ್ದೆ ತುಂಬವ್ಳೆ" ಅಂದುಬಿಟ್ಟ.

ಪುಟ್ಟತಾಯಮ್ಮ ಎದ್ದು ನಿಂತಳು. "ಏನಂದೆ? ನಾನು ನೋಡಿಲ್ವಾ? ನಾನು ಜ್ವರ ಬಂದು ಮನೇಲಿ ಮಲಗಿದ್ದಾಗ ತುಂಬಿದ ಚೀಲ ಕಣ್ಲಾ ಅವು. ಹೇಳ್ಬುಡ್ಲಾ ಎಲ್ರಿಗೂ? ನಿನ್ನ ಗುಟ್ಟ ಹೇಳ್ಬುಡ್ಲಾ?"

ಅವನ ಕೈಯಲ್ಲಿದ್ದ ಉಂಡೆ ಹಾರಿ ಹೋಗಿ ಆಕೆಯ ಹಿಂದಿನ ಕಂಬಕ್ಕೆ ಬಡಿಯಿತು.

ಆಮೇಲೆ ಶುರುವಾಯಿತು ನೋಡಿ. ಗುಟ್ಟು ಅಂದ ಮೇಲೆ ಜನ ಸುಮ್ಮನಿರುತ್ತಾರೆಯೇ? ಅವನ ಹೆಂಡತಿ ತೀರಿಕೊಂಡಿದ್ದಳು, ಈಕೆಯ ಗಂಡ ಕುಡಿದು ಎಲ್ಲೋ ಹೋಗಿದ್ದ. ಹಮಾಲಿಗಳು ಹಲ್ಲು ಕಿರಿದರು, ಹೆಂಗಸರು ಕಣ್ಣಲ್ಲೇ ಮಾತಾಡಿದರು. ಮಹಾಲಿಂಗ ಉಂಡೆ ಉರುಳಿಸುವುದು ಬಿಟ್ಟು ಎಸೆಯತೊಡಗಿದ. ಆಕೆ ಹಿಡಿಯುವುದು ಬಿಟ್ಟಳು. ಉಂಡೆಗಳು ನೆಲಕ್ಕೆ ಬಿದ್ದು ಸೀಳು ಬಿಡುತ್ತಿದ್ದವು. ನಾನು ರೈಟ್ರನ್ನು ಕರೆದು ಹೇಳಿದೆ: "ಇಬ್ಬರಲ್ಲಿ ಒಬ್ಬರು ಹೋಗಬೇಕು. ಒಡೆಯುವವನಿಗೆ ತುರುವೇಕೆರೆ ಕಡೆಯಿಂದ ಒಬ್ಬ ಬರಲು ಒಪ್ಪಿದ್ದಾನೆ. ಮಹಾಲಿಂಗನನ್ನೇ ಕಳಿಸಿಬಿಡಿ."

ರೈಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಈ ವಾರ ಬುಡಿ" ಅಂದರು.

ನನ್ನ ಗದ್ದುಗೆಗೂ ಅವರ ಮೇಜಿಗೂ ನಡುವೆ ಹಲಗೆಯ ಅಡ್ಡಗೋಡೆ. ಕೇಳಬೇಕು ಅಂತ ಕೂರದಿದ್ದರೂ ಕೇಳಿಸುತ್ತದೆ. ಕೇಳಬೇಕು ಅಂತಲೇ ಕೂತಿದ್ದೆ. ಮೊದಲು ಮಹಾಲಿಂಗ ಬಂದ. ಎಷ್ಟು ಸಲ ಹೇಳಿಸಿದರೂ ಅವನ ಮಾತು ಒಂದೇ. "ನಾಕು ಜನ್ರ ಮುಂದೆ ಅಂದ್ಲು."

"ಏನಂದ್ಲು?"

"ಅಂತೀನಿ ಅಂದ್ಲು."

"ಅಂದ್ಳೋ, ಅಂತೀನಿ ಅಂದ್ಳೋ?"

ಎದ್ದು ಹೋದ ಸದ್ದು ಮಾತ್ರ ಬಂತು.

ಮಾರನೇ ದಿನ ಪುಟ್ಟತಾಯಮ್ಮ. ಆಕೆಯದು ದೊಡ್ಡ ಕಥೆ. ಮೊದಲ ಸಲ ಅವನ ಅಪ್ಪ ಅಜ್ಜನವರೆಗೂ ಹೋಗಿ ಬಂದಳು. ರೈಟ್ರು, "ಇನ್ನೊಂದ್ಸಲ ಹೇಳವ್ವ" ಅಂದರು. ಅಜ್ಜ ಹೋದ, ಅಪ್ಪ ಹೋದ. ಇನ್ನೊಂದು ಸಲಕ್ಕೆ ಕಂಬಕ್ಕೆ ಎಸೆದದ್ದೂ ಹೋಯಿತು. ಆಕೆಯ ಧ್ವನಿ ಇಳಿಯುತ್ತಾ ಬಂತು. ನಾನು ಹಲಗೆಗೆ ಇನ್ನಷ್ಟು ಹತ್ತಿರವಾದೆ.

"ದಿನಾ ಅವನು ಒಡೆದ ಹಸೀ ಉಂಡೆ ಆರ್ಸಿ ಆರ್ಸಿ ನನ್ನ ಮಡಿಲಿಗೆ ಹಾಕ್ಕೊಂಡು ಆಚೆ ಒಣಗಾಕ್ತಿದ್ದೆ ಕಣ್ರೀ. ಒಂದಿನಾನೂ ಬಾಯಿ ಬುಡ್ಲಿಲ್ಲ. ಅವ್ನಿಗೂ ಗೊತ್ತು, ನಂಗೂ ಗೊತ್ತು. ಜ್ವರ ಬಂದು ಮಲಗಿದ್ಕೆ ಇಂಗಾಯ್ತು. ಅಂಥೋಳ್ನ ನೋಡ್ಲಿಲ್ಲ ಅಂದ್ಬುಟ್ಟ."

"ಅವ್ನು ಯಾಕವ್ವ ಹಸೀದು ಒಡೀತಾನೆ? ಅಷ್ಟು ವರ್ಷದ ಕೈ."

"ಅದು ಬ್ಯಾಡ ಬುಡಿ ರೈಟ್ರೇ" ಅಂದಳು ಆಕೆ.

ರೈಟ್ರು ಇನ್ನೊಂದು ಸಲ ಹೇಳು ಅನ್ನಲಿಲ್ಲ. ಕನ್ನಡಕದ ಕಡ್ಡಿ ಬಿಡಿಸಿದ ಸಣ್ಣ ಸದ್ದು ಬಂತು.

ನಾನು ವ್ಯಾಪಾರದವನು, ಎದುರಿನವನು ಹೇಳದೆ ಬಿಟ್ಟ ಮಾತಿಗೇ ರೇಟು ಕಟ್ಟುವವನು. ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಮಹಾಲಿಂಗ ಒಬ್ಬನೇ ಒಡೆಯುತ್ತಾ ಕೂತಿದ್ದ. ಹಿಂದಿನಿಂದ ಹೋಗಿ, ಚೆನ್ನಾಗಿ ಬಿಟ್ಟ ಒಂದು ಕಾಯಿಯನ್ನು ಅವನ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಡಗಡ ಅಂತು. ಅವನು ತಿರುಗಲಿಲ್ಲ. ಎಡಗಿವಿಯ ಹತ್ತಿರ ಅಲ್ಲಾಡಿಸಿದೆ. ತಿರುಗಲಿಲ್ಲ. ಕಾಯಿಯನ್ನು ಸದ್ದಾಗದ ಹಾಗೆ ಇಟ್ಟು ಬಂದೆ. ಸದ್ದಾಗದ ಹಾಗೆ ಇಡುವ ಅಗತ್ಯ ಇರಲಿಲ್ಲ ಅಂತ ಆಮೇಲೆ ಹೊಳೆಯಿತು. ಎದುರು ನಿಂತು ಜೋರಾಗಿ ಆಡಿದ ಮಾತನ್ನು ಅವನು ತುಟಿ ನೋಡಿ ಹಿಡಿಯುತ್ತಿದ್ದನಿರಬೇಕು.

ಒಡೆಯುವವನಿಗೆ ಕಿವಿ ಹೋದರೆ ಕೆಲಸ ಹೋದ ಹಾಗೆ. ನಾನು ಹೇಳಬೇಕಿಲ್ಲ, ಅವನಿಗೇ ಗೊತ್ತು. ಇನ್ನೊಂದು ಮಂಡಿಯವರು ಅವನ ಕೈಗೆ ಒಂದು ಕಾಯಿ ಕೊಟ್ಟು ನೋಡಿದರೆ ಮುಗಿಯಿತು. ಊರಿನಲ್ಲಿ ಅವನದು ಅಂತ ಇರುವುದು ಮನೆಯ ಹಿಂದಿನ ನಾಲ್ಕು ಮರ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದರೆ ಮಹಾಲಿಂಗನ ಜಾಗ ಖಾಲಿ. ಕಳಿಸಿಯೇ ಬಿಟ್ಟರಾ ಅಂತ ನೋಡಿದರೆ, ಅಟ್ಟದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ, ಒಂದು ಬುಟ್ಟಿ ನಡುವೆ ಇಟ್ಟುಕೊಂಡು ಪುಟ್ಟತಾಯಮ್ಮ. ಆಕೆ ಕಾಯಿ ತೆಗೆದು, ಕಿವಿಗಿಟ್ಟು ಅಲ್ಲಾಡಿಸಿ, ಸರಿಯಿದ್ದರೆ ಅವನ ಕೈಗೆ ಕೊಡುತ್ತಾಳೆ, ಇಲ್ಲದಿದ್ದರೆ ಬುಟ್ಟಿಗೆ ಹಾಕುತ್ತಾಳೆ. ಅವನು ಒಡೆಯುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಎದುರು ಬದುರು ಕೂತರೆ ನೋಡಬೇಕಾಗುತ್ತದಲ್ಲ, ಪಕ್ಕ ಪಕ್ಕ ಕೂತರೆ ಆ ತೊಂದರೆಯಿಲ್ಲ. ಅದನ್ನೂ ಯೋಚಿಸಿಯೇ ಕೂರಿಸಿದ್ದರು.

"ಏನ್ರೀ ರೈಟ್ರೇ, ಜಾಗ ಬದಲಾಯಿಸಿದ್ದೀರಿ?" ಅಂತ ಕೇಳಿದೆ.

"ಹ್ಞೂ ಕಣ್ರೀ. ಅಲ್ಲಿ ಧೂಳು. ಆ ಮೂಲೇಲಿ ಗಾಳಿ ಚೆನ್ನಾಗಿ ಬತ್ತದೆ."

ಆ ಮೂಲೆ ನೋಡಿದವರಿಗೆ ಗೊತ್ತು. ಮೂರು ಕಡೆ ಗೋಡೆ, ಮೇಲೆ ಮೆಟ್ಟಿಲು. ಬೇಸಿಗೆಯಲ್ಲಿ ಬೆಕ್ಕು ಕೂಡ ಅಲ್ಲಿ ಮಲಗುವುದಿಲ್ಲ. ರೈಟ್ರು ನನ್ನ ಮುಖ ನೋಡದೆ ಕನ್ನಡಕ ಒರೆಸುತ್ತಿದ್ದರು. ಅವರು ಸುಳ್ಳು ಹೇಳಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಬಹಳ ಕೆಟ್ಟದಾಗಿ ಹೇಳಿದರು.

ಟವೆಲ್ಲಿನ ಕೆಳಗೆ ಕೈ ಸೇರಿ ಬೆರಳು ಒತ್ತಿ ಆದ ಮೇಲೆ ಯಾರೂ ಟವೆಲ್ಲು ಎತ್ತಿ ನೋಡುವುದಿಲ್ಲ. ನಮ್ಮ ಕಡೆ ಅದು ಮರ್ಯಾದೆ. "ಸರಿ, ಅಲ್ಲೇ ಇರ್ಲಿ" ಅಂದೆ. ತುರುವೇಕೆರೆಯವನಿಗೆ ಬರಬೇಡ ಅಂತ ಹೇಳಿ ಕಳಿಸಿದೆ. ಒಬ್ಬರು ಮಾಡುವ ಕೆಲಸಕ್ಕೆ ಇಬ್ಬರು ಕೂತ ಹಾಗಾಯಿತು, ಆರಿಸಲು ಇನ್ನೊಬ್ಬಳನ್ನು ಇಟ್ಟುಕೊಳ್ಳಬೇಕಾಯಿತು. ಆದರೆ ಬೂಷ್ಟಿನ ದೂರು ಆಮೇಲೆ ಬರಲಿಲ್ಲ.

ಅವರಿಬ್ಬರಲ್ಲಿ ಮಾತು ಶುರುವಾದದ್ದು ಎಷ್ಟೋ ದಿನದ ಮೇಲೆ. ಅದೂ ಪ್ರೀತಿಯ ಮಾತೇನಲ್ಲ. "ಕೈ ಚಾಚ್ಲಾ, ಎಷ್ಟೊತ್ತು ಹಿಡ್ಕೊಂಡಿರ್ಲಿ?" ಅಂತ ಆಕೆ ಕೂಗುವುದು. ಅವನಿಗೆ ಕೇಳಲಿ ಅಂತ ಜೋರಾಗಿ ಕೂಗುತ್ತಿದ್ದಳು, ಜಗಳಗಂಟಿ ಅಂತ ಹೆಸರು ಬಂತು. ಆ ಹೆಸರನ್ನು ಆಕೆ ಸುಮ್ಮನೆ ಇಟ್ಟುಕೊಂಡಳು.

ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ರೈಟ್ರು ಸೊರಗುತ್ತಾ ಬಂದರು. ಹೊಟ್ಟೆನೋವು ಹೊಟ್ಟೆನೋವಾಗಿಯೇ ಉಳಿಯಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ನಾನು ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಜಗುಲಿಯ ಮೇಲೆ ಬಿಸಿಲಿಗೆ ಮಲಗಿದ್ದರು. ಕನ್ನಡಕ ಪಕ್ಕದಲ್ಲಿತ್ತು. ಯಾರು ಬಂದರು ಅಂತ ಮುಖ ನೋಡುವ ಗೋಜಿಗೂ ಹೋಗಲಿಲ್ಲ, ಧ್ವನಿಯಲ್ಲೇ ಗುರುತು ಹಿಡಿದರು.

"ಸಾವ್ಕಾರ್ರೇ, ಒಂದು ಮಾತು ಹೇಳ್ಬೇಕು. ಹೇಳಿದ್ರೆ ಒಬ್ರ ಅನ್ನ ಹೋಗ್ತದೆ, ಹೇಳ್ದಿದ್ರೆ ನಿಮ್ಗೆ ಮೋಸ. ಯೋಚ್ನೆ ಮಾಡಿ ಮಾಡಿ ಸಾಕಾಗೋಯ್ತು."

"ಮಹಾಲಿಂಗನ ಕಿವಿ ತಾನೆ? ಗೊತ್ತು ಬಿಡಿ."

ಅವರು ತಲೆ ತಿರುಗಿಸಿದರು. "ಯಾವಾಗಿಂದ?"

"ನೀವು ಗಾಳಿ ಬರುತ್ತದೆ ಅನ್ನುವುದಕ್ಕೆ ಒಂದು ದಿನ ಮೊದಲಿಂದ."

ಕೈ ಚಾಚಿ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ನೋವಾಗದ ಹಾಗೆ ಸಣ್ಣಗೆ ನಕ್ಕರು.

"ನೀವೊಬ್ರು. ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವೇನ್ರೀ? ಇಷ್ಟು ದಿನ ಎದೆ ಮೇಲೆ ಚೀಲ ಇಟ್ಕೊಂಡು ಓಡಾಡಿದ್ನಲ್ಲ."

"ಅಂದಿದ್ದರೆ ಅವನನ್ನು ಇಟ್ಟುಕೊಂಡವನು ನಾನಾಗುತ್ತಿದ್ದೆ. ಮಾರನೇ ದಿನವೇ ನಾಲ್ಕು ಜನ ಬಂದು, ನನಗೂ ಕಣ್ಣು ಕಾಣಲ್ಲ, ನನಗೂ ಕೈ ನಡುಗುತ್ತದೆ, ನನ್ನನ್ನೂ ಇಟ್ಟುಕೊಳ್ಳಿ ಅನ್ನುತ್ತಿದ್ದರು."

"ಅದೂ ಸರಿ ಅನ್ನಿ" ಅಂದರು. ಆಮೇಲೆ ಕಣ್ಣು ಮುಚ್ಚಿಕೊಂಡು, "ಹಂಗಾದ್ರೆ ನಾನು ಹೋದ್ಮೇಲೂ ಅಲ್ಲೇ ಕೂರ್ಸಿ ಅವ್ನ" ಅಂದರು. ನಾನು ಹ್ಞೂ ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅವರ ಹೆಂಡತಿ ಕಾಫಿ ತಂದರು. ಗಂಡ ನಗುತ್ತಿದ್ದ ಸದ್ದು ಒಳಗೆ ಕೇಳಿ ಹೆದರಿ ಬಂದೆ ಅಂದರು.

ಮಣ್ಣಿಗೆ ಹೋದ ದಿನ ನಮ್ಮ ಶೆಡ್ಡಿನವರೆಲ್ಲ ಒಂದು ಗಾಡಿಯಲ್ಲಿ ಬಂದಿದ್ದರು. ಡ್ರೈವರ್ ಗಾಡಿ ತಂದಿದ್ದರಿಂದ ವಾಚ್‌ಮನ್ ಬಸ್ಸಿನಲ್ಲಿ ಬಂದ. ಮಹಾಲಿಂಗ ದೂರ ನಿಂತಿದ್ದ. ಹಾಡು, ಮಂತ್ರ, ಅಳು ಯಾವುದೂ ಅವನಿಗೆ ಮುಟ್ಟುತ್ತಿರಲಿಲ್ಲ ಅಂತ ಕಾಣುತ್ತದೆ. ಮಣ್ಣು ಹಾಕುವ ಸರದಿ ಬಂದಾಗ ಪುಟ್ಟತಾಯಮ್ಮ ಅವನ ಬೆನ್ನಿಗೆ ಮೊಣಕೈಯಿಂದ ತಿವಿದಳು.

ಅವರ ಜಾಗಕ್ಕೆ ಈಗ ಬಿ.ಕಾಂ. ಓದಿದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ. ಚುರುಕು, ಕಂಪ್ಯೂಟರಿನಲ್ಲೇ ಎಲ್ಲ ಕೆಲಸ. ಸೂಜಿಯ ಜಗಳವನ್ನು ಇನ್ನೊಂದು ಸೂಜಿ ತರಿಸಿ ಮುಗಿಸಿದಳು, ನನಗೆ ಹೊಳೆದಿರಲಿಲ್ಲ. ಮೊನ್ನೆ ಶೆಡ್ಡೆಲ್ಲ ಸುತ್ತಿ ಬಂದು ನನ್ನ ಎದುರು ನಿಂತಳು.

"ಸರ್, ಆ ಮೆಟ್ಲ ಕೆಳಗೆ ಒಬ್ರ ಕೆಲ್ಸಕ್ಕೆ ಇಬ್ರು ಕೂತಿದ್ದಾರೆ. ಬೇರೆ ಮಂಡೀಲೆಲ್ಲ ಒಡೆಯೋರು ತಾವೇ ಅಲ್ಲಾಡಿಸ್ಕೋತಾರಲ್ಲ. ಇಬ್ರನ್ನೂ ಬೇರೆ ಬೇರೆ ಕಡೆ ಕೂರಿಸ್ಲಾ?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಲೆಕ್ಕವೂ ಅದೇ. ಹಲಗೆಯ ಆಚೆ ಪುಟ್ಟತಾಯಮ್ಮ, "ಎಲ್ಲಿ ನೋಡ್ತಿದೀಯಲಾ, ತಗೋ" ಅಂತ ಕೂಗುತ್ತಿದ್ದಳು.

"ಬೇಡ ಕಣಮ್ಮ, ಅಲ್ಲೇ ಇರ್ಲಿ. ಆ ಮೂಲೇಲಿ ಗಾಳಿ ಚೆನ್ನಾಗಿ ಬತ್ತದೆ" ಅಂದೆ.

ಹುಡುಗಿ ಬಾಗಿಲಿನಿಂದ ಮೂಲೆಯ ಕಡೆ ನೋಡಿದಳು. ಮೂರು ಕಡೆ ಗೋಡೆ ನೋಡಿದಳು, ಮೇಲಿನ ಮೆಟ್ಟಿಲು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದಳು. ನಾನು ನನ್ನ ಕನ್ನಡಕ ತೆಗೆದು ಒರೆಸತೊಡಗಿದೆ.